ಕಣ್ಣು ಬಿಡದ ಮಗು: ಎನ್‌ಆರ್‌ಸಿಗೆ ಕಳಿಸುವ ಮೊದಲು ಏನು ಮಾಡಬೇಕು?

ಮಳವಳ್ಳಿ_ಮೇಲ್ವಿಚಾರಕಿ
ಎಲ್ಲರಿಗೂ ನಮಸ್ಕಾರ. ಅಂಗನವಾಡಿ ಕಾರ್ಯಕರ್ತೆಯರ ಸಭೆಗೆ ಒಂದು ಉದಾಹರಣೆ ತಯಾರು ಮಾಡ್ತಿದ್ದೀನಿ, ತಪ್ಪಿದ್ದರೆ ತಿದ್ದಿ. ಮಗುವಿಗೆ 14 ತಿಂಗಳು, ತೂಕ 6.4 ಕೆ.ಜಿ., ತೋಳಿನ ಸುತ್ತಳತೆ 10.9 ಸೆಂ.ಮೀ. ಹತ್ತು ದಿನದಿಂದ ಭೇದಿ. ಎರಡು ದಿನದಿಂದ ಕಣ್ಣು ಬಿಡ್ತಿಲ್ಲ, ಬೆಳಕಿಗೆ ತಿರುಗಿಸಿದರೆ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸುತ್ತೆ. ಕಣ್ಣು ಅಷ್ಟು ಕೆಂಪಿಲ್ಲ, ಗೀಜೂ ಇಲ್ಲ. ತೋಳು ಅಳೆಯುವ ಪಟ್ಟಿ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ, ತೋರಿಸ್ತಿರೋದರಿಂದ ಎನ್‌ಆರ್‌ಸಿಗೆ (ಆಸ್ಪತ್ರೆಯಲ್ಲಿನ ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರಕ್ಕೆ) ಅನ್ನೋದು ಗೊತ್ತು. ಕಣ್ಣಿಗೆ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕಳಿಸಬೇಕಾ? ವಿಟಮಿನ್ ಎ ಸಿರಪ್ 2 ಎಂಎಲ್ ಅಂತಾರೆ ಒಬ್ಬರು, 1 ಎಂಎಲ್ ಅಂತಾರೆ ಇನ್ನೊಬ್ಬರು. ಯಾವುದು ಸರಿ?

ಬೆಳ್ಳಿಚುಕ್ಕಿ (ಮಕ್ಕಳ ವೈದ್ಯೆ, ಮೈಸೂರು)
ಮೇಡಂ, ಉದಾಹರಣೆ ಚೆನ್ನಾಗಿದೆ. ಕೆಂಪಿಲ್ಲ, ಗೀಜಿಲ್ಲ ಅಂತ ಬರೆದಿದ್ದೀರಲ್ಲ, ಜನ ಮೋಸ ಹೋಗೋದೇ ಅಲ್ಲಿ. ಸಾಮಾನ್ಯ ಕೆಂಗಣ್ಣಲ್ಲಿ ಕಣ್ಣು ಕೆಂಪಾಗಿ ರೆಪ್ಪೆ ಅಂಟಿಕೊಳ್ಳುತ್ತೆ, ಮನೆಯವರು ಹೆದರಿ ಓಡಿ ಬರ್ತಾರೆ. ವಿಟಮಿನ್ ಎ ಕೊರತೆಯಿಂದ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ಕರಗುವಾಗ ಅಷ್ಟು ಗಲಾಟೆ ಇರೋದಿಲ್ಲ. ಮಗು ಸುಮ್ಮನೆ ಕಣ್ಣು ಮುಚ್ಚಿಕೊಂಡಿರುತ್ತೆ. ನಿತ್ರಾಣವಾಗಿದೆ, ನಿದ್ದೆ ಮಾಡ್ತಿದೆ ಅಂದುಕೊಳ್ತಾರೆ. ಒಳಗೆ ಕಾರ್ನಿಯಾ ಒಂದೆರಡು ದಿನದಲ್ಲೇ ಮೆತ್ತಗಾಗಿ ತೂತಾಗಬಹುದು. ಇದಕ್ಕೆ ಕೆರಟೊಮಲೇಶಿಯಾ ಅಂತ ಹೆಸರು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಮಗು ಎಲ್ಲಿ ಸಿಕ್ಕಿತೋ ಅಲ್ಲೇ ವಿಟಮಿನ್ ಎ ಮೊದಲ ಡೋಸ್ ಬಾಯಿಗೆ ಬೀಳಬೇಕು. ಆಮೇಲೆ ಗಾಡಿ. ಬಾಟಲಿ ನಿಮ್ಮ ಕಾರ್ಯಕರ್ತೆಯ ಹತ್ತಿರ ಇರಲ್ಲ, ಉಪಕೇಂದ್ರದಲ್ಲೋ ಪಿಎಚ್‌ಸಿಯಲ್ಲೋ ಇರುತ್ತೆ. ಹಾಗಾಗಿ ದಾರಿಯಲ್ಲಿ ಅಲ್ಲೊಮ್ಮೆ ನಿಲ್ಲಿಸಿ, ಸಿಸ್ಟರ್ ಕೈಲಿ ಡೋಸ್ ಹಾಕಿಸಿ, ಚೀಟಿಯಲ್ಲಿ ದಿನಾಂಕ, ಸಮಯ, ಎಷ್ಟು ಎಂಎಲ್ ಅಂತ ಬರೆಸಿ ಮುಂದೆ ಕಳಿಸಿ. ಮಕ್ಕಳ ಕಾಯಿಲೆಯ ಐಎಂಎನ್‌ಸಿಐ ಚಾರ್ಟೂ ಇದನ್ನೇ ಹೇಳುತ್ತೆ. ಕಾರ್ನಿಯಾ ಮಂಜಾಗಿದ್ದರೆ ವಿಟಮಿನ್ ಎ ಮೊದಲ ಡೋಸ್, ಕಣ್ಣಿಗೆ ಟೆಟ್ರಾಸೈಕ್ಲಿನ್ ಮುಲಾಮು, ಆಮೇಲೆ ತುರ್ತು ರೆಫರಲ್.

ಎಲ್ಲಿಗೆ ಅಂದರೆ ಎನ್‌ಆರ್‌ಸಿ ಇರುವ ದೊಡ್ಡ ಆಸ್ಪತ್ರೆಗೆ. ಕಣ್ಣಿನ ಡಾಕ್ಟರು ಅಲ್ಲಿಗೇ ಬಂದು ನೋಡ್ತಾರೆ. ಈ ಮಗುವಿನ ಜೀವಕ್ಕೆ ಮೊದಲ ಅಪಾಯ ರಕ್ತದಲ್ಲಿ ಸಕ್ಕರೆ ಇಳಿಯೋದು, ಮೈ ತಣ್ಣಗಾಗೋದು, ಸೋಂಕು. ಬರೀ ಕಣ್ಣಿನ ಓಪಿಡಿ ಸಾಲಿನಲ್ಲಿ ಎರಡು ಗಂಟೆ ಹಸಿದು ಕೂತರೆ ಕಣ್ಣು ನೋಡುವಷ್ಟರಲ್ಲಿ ಮಗುವೇ ಕುಸಿದಿರುತ್ತೆ. ಹೊರಡುವ ಮೊದಲು 50 ಎಂಎಲ್ ಸಕ್ಕರೆ ನೀರು (ಮೂರೂವರೆ ದೊಡ್ಡ ಚಮಚ ನೀರಿಗೆ ಒಂದು ಟೀ ಚಮಚ ಉಬ್ಬು ತುಂಬ ಸಕ್ಕರೆ) ಚಮಚದಲ್ಲಿ ನಿಧಾನವಾಗಿ ಕುಡಿಸಿ. ತಲೆಗೆ ಟೋಪಿ ಹಾಕಿ, ಅಮ್ಮನ ಎದೆಗೆ ಅಂಟಿಸಿ ಹೊದಿಸಿ.

ಸಿರಿಂಜ್_ಸಿದ್ದ (ಫಾರ್ಮಸಿಸ್ಟ್, ಮಂಡ್ಯ)
ಡೋಸ್ ಜಗಳಕ್ಕೆ ನಾನು ಬರ್ತೀನಿ. ಸರ್ಕಾರಿ ಸಿರಪ್ಪಿನಲ್ಲಿ 1 ಎಂಎಲ್‌ಗೆ 1 ಲಕ್ಷ ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಯೂನಿಟ್) ಇರುತ್ತೆ. ಚಿಕಿತ್ಸೆಯ ಲೆಕ್ಕ: 6 ತಿಂಗಳ ಒಳಗಿನ ಮಗುವಿಗೆ 50 ಸಾವಿರ, ಅಂದರೆ ಅರ್ಧ ಎಂಎಲ್. 6ರಿಂದ 12 ತಿಂಗಳಿಗೆ 1 ಎಂಎಲ್. 12 ತಿಂಗಳು ದಾಟಿದರೆ 2 ಎಂಎಲ್. ಆದರೆ ನಮ್ಮ ದೇಶದ ಎನ್‌ಆರ್‌ಸಿ ಮಾರ್ಗಸೂಚಿಯಲ್ಲಿ ಒಂದು ತಿರುವು ಇದೆ. ವಯಸ್ಸು ಒಂದು ವರ್ಷ ದಾಟಿದ್ದರೂ ತೂಕ 8 ಕೆ.ಜಿ.ಗಿಂತ ಕಡಿಮೆ ಇದ್ದರೆ 1 ಲಕ್ಷವೇ. ನಿಮ್ಮ ಉದಾಹರಣೆಯ ಮಗು 6.4 ಕೆ.ಜಿ., ಆದ್ದರಿಂದ 1 ಎಂಎಲ್. ವಯಸ್ಸು ಮಾತ್ರ ನೋಡಿದವರು 2 ಅಂದಿದ್ದಾರೆ, ತೂಕವನ್ನೂ ನೋಡಿದವರು 1 ಅಂದಿದ್ದಾರೆ.

ಬಾಟಲಿ ಜೊತೆ ಬರುವ ಚಮಚ 2 ಎಂಎಲ್‌ನದು, ಒಳಗೆ ಅರ್ಧಕ್ಕೆ ಗೆರೆ ಇದೆ, ಅದು 1 ಎಂಎಲ್. ಬೇರೆ ಔಷಧಿಯ ಮುಚ್ಚಳ 5 ಎಂಎಲ್ ಹಿಡಿಯುತ್ತೆ, ಅದರಲ್ಲಿ ಅಂದಾಜಿಗೆ ಸುರಿಯಬೇಡಿ. ಚಮಚ ಕಳೆದಿದ್ದರೆ ಸೂಜಿ ತೆಗೆದ 2 ಎಂಎಲ್ ಸಿರಿಂಜ್ ಸಾಕು. ಇನ್ಸುಲಿನ್ ಸಿರಿಂಜ್ ಮಾತ್ರ ಬೇಡ. ಅದರ ಮೇಲಿನ "ಯೂನಿಟ್" ಇನ್ಸುಲಿನ್ನಿನದು, ಇಲ್ಲಿನ ಐಯುಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಎಣ್ಣೆಯ ಔಷಧಿ ಇದು. ಅಳುವ ಮಗುವಿನ ಮೂಗು ಹಿಡಿದು ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತೆ. ಕೂರಿಸಿ, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಹಾಕಿ.

ತಾಯಿಕಾರ್ಡ್ (ಎಎನ್‌ಎಂ, ಎಚ್.ಡಿ. ಕೋಟೆ)
ಸಿದ್ದಣ್ಣ, ಬಾಟಲಿ ಒಡೆದ ದಿನಾಂಕ ಲೇಬಲ್ ಮೇಲೆ ಬರೆಯೋದನ್ನೂ ಸೇರಿಸಿ. ತೆರೆದ ಮೇಲೆ 8 ವಾರ ಅಷ್ಟೇ. ಕಿಟಕಿ ಪಕ್ಕ ಬಿಸಿಲಿಗೆ ಇಟ್ಟಿದ್ದರೆ ಅಷ್ಟೂ ಉಳಿಯಲ್ಲ, ಬೆಳಕಿಗೆ ಕೆಡುವ ವಸ್ತು ಅದು.

ನನ್ನದೊಂದು ಪ್ರಶ್ನೆ. ಕಾರ್ಡಿನಲ್ಲಿ ಮೂರು ವಾರದ ಹಿಂದೆ ಅಭಿಯಾನದಲ್ಲಿ ಡೋಸ್ ಬಿದ್ದಿದೆ ಅಂತ ಇದ್ದರೆ? ಒಂದು ತಿಂಗಳೊಳಗೆ ಕೊಟ್ಟಿದ್ದರೆ ಮತ್ತೆ ಬೇಡ ಅಂತ ತರಬೇತೀಲಿ ಹೇಳಿದ್ದಾರೆ.

ಬೆಳ್ಳಿಚುಕ್ಕಿ
ಅದು ಕಣ್ಣಿನ ಲಕ್ಷಣ ಇಲ್ಲದ ಮಗುವಿಗೆ ಹೇಳಿದ ಮಾತು ಸಿಸ್ಟರ್. ಕಾರ್ನಿಯಾ ಮಂಜಾಗಿದ್ದರೆ ಕಾರ್ಡ್ ಏನೇ ಹೇಳಲಿ, ಕೊಡಬೇಕು. ಅತಿಯಾದರೆ ಒಂದೆರಡು ವಾಂತಿ, ತಲೆನೋವು, ಎಳೆ ಮಗುವಾದರೆ ನೆತ್ತಿ ಸ್ವಲ್ಪ ಉಬ್ಬೋದು, ಇವು ಒಂದೆರಡು ದಿನದಲ್ಲಿ ಇಳಿಯುತ್ತವೆ. ಕಾರ್ನಿಯಾ ಹೋದರೆ ಮತ್ತೆ ಬರಲ್ಲ. ಆ ತೂಕದಲ್ಲಿ ತಕ್ಕಡಿ ಯಾವ ಕಡೆ ವಾಲುತ್ತೆ ಅನ್ನೋದು ಸ್ಪಷ್ಟ.

ಇನ್ನೊಂದು. ಡೋಸ್ ಒಂದೇ ಅಲ್ಲ. 1ನೇ ದಿನ, 2ನೇ ದಿನ, ಆಮೇಲೆ 15ನೇ ದಿನ, ಮೂರೂ ಸಲ ಅಷ್ಟೇ ಪ್ರಮಾಣ. ದಡಾರ ಆಗಿ ಈಗಷ್ಟೇ ಎದ್ದ ತೀವ್ರ ಅಪೌಷ್ಟಿಕ ಮಗುವಿಗೆ ಕಣ್ಣಿನ ಲಕ್ಷಣ ಇಲ್ಲದಿದ್ದರೂ ಇದೇ ಮೂರು ಡೋಸ್. ದಡಾರ ಮೈಯಲ್ಲಿರುವ ಅಲ್ಪಸ್ವಲ್ಪ ವಿಟಮಿನ್ ಎಯನ್ನು ಬಳಿದು ಹಾಕುತ್ತೆ, ಜೊತೆಗೆ ಕಾರ್ನಿಯಾಗೆ ಸ್ವತಃ ಗಾಯ ಮಾಡುತ್ತೆ.

ಕರಿಗುಡ್ಡೆ (ನೇತ್ರ ಸಹಾಯಕ)
ಕಣ್ಣು ನೋಡುವ ಬಗೆ ಯಾರೂ ಹೇಳಲಿಲ್ಲ. ಹಾನಿ ಆಗೋದೇ ಅಲ್ಲಿ.

ಮುಚ್ಚಿದ ರೆಪ್ಪೆಯನ್ನು ಹೆಬ್ಬೆರಳಿನಿಂದ ಬಲವಂತವಾಗಿ ಬಿಡಿಸಬೇಡಿ. ಕಾರ್ನಿಯಾ ಕೊಳೆತ ಬಾಳೆಹಣ್ಣಿನ ಸಿಪ್ಪೆಯಷ್ಟು ಮೆತ್ತಗಿದ್ದಾಗ ಗುಡ್ಡೆ ಒತ್ತಿದರೆ ಅದು ಒಡೆದು ಒಳಗಿನ ಮಸೂರವೇ ಹೊರಗೆ ಬರಬಹುದು. ಮೊದಲು ಮಗುವನ್ನು ಕಿಟಕಿಗೆ ಬೆನ್ನು ಮಾಡಿಸಿ, ಅಮ್ಮನ ತೊಡೆ ಮೇಲೆ ಹಾಲು ಕುಡಿಯೋಕೆ ಬಿಡಿ. ಐದು ನಿಮಿಷ ಕಾದರೆ ಎಷ್ಟೋ ಮಕ್ಕಳು ತಾವೇ ಕಣ್ಣು ಬಿಡುತ್ತವೆ. ಬಿಡದಿದ್ದರೆ ಮಗುವನ್ನು ಬೆಡ್‌ಶೀಟಿನಲ್ಲಿ ಸುತ್ತಿ. ನೀವೂ ಅಮ್ಮನೂ ಎದುರುಬದುರು ಕೂತು ಮೊಣಕಾಲು ತಾಗಿಸಿ, ಮಗುವಿನ ತಲೆ ನಿಮ್ಮ ತೊಡೆ ಮೇಲೆ, ಕಾಲು ಅಮ್ಮನ ಕಡೆ. ಬೆರಳು ಊರುವುದು ಹುಬ್ಬಿನ ಕೆಳಗಿನ ಮೂಳೆಯ ಅಂಚಿಗೆ, ಕೆನ್ನೆಯ ಮೂಳೆಗೆ. ಗುಡ್ಡೆಗೆ ಯಾವತ್ತೂ ಅಲ್ಲ. ಅಷ್ಟಕ್ಕೂ ತೆರೆಯದಿದ್ದರೆ ಬಿಟ್ಟುಬಿಡಿ, "ಕಣ್ಣು ಬಿಡುತ್ತಿಲ್ಲ, ಕಾರ್ನಿಯಾ ನೋಡಲಾಗಿಲ್ಲ" ಅಂತ ಬರೆದು ಕಳಿಸಿ. ನೋಡಲಾಗದ ಕಣ್ಣನ್ನು ಹುಣ್ಣಾದ ಕಣ್ಣು ಅಂತಲೇ ಲೆಕ್ಕ ಇಡಿ.

ತೆರೆದರೆ ಟಾರ್ಚನ್ನು ಎದುರಿನಿಂದ ಅಲ್ಲ, ಕಿವಿಯ ಕಡೆಯಿಂದ ಓರೆಯಾಗಿ ಹಿಡಿಯಿರಿ. ಒಳ್ಳೆಯ ಕಾರ್ನಿಯಾದಲ್ಲಿ ಬಲ್ಬಿನ ಪ್ರತಿಬಿಂಬ ಚೂಪಾದ ಚುಕ್ಕಿಯಾಗಿ ಕಾಣುತ್ತೆ. ಒಣಗಿದ ಕಾರ್ನಿಯಾದಲ್ಲಿ ಆ ಚುಕ್ಕಿ ಕದಡಿರುತ್ತೆ, ಬಿಸಿ ಕಾಫಿಯ ಮೇಲೆ ಬಗ್ಗಿದಾಗ ಕನ್ನಡಕ ಮಬ್ಬಾಗುತ್ತಲ್ಲ, ಹಾಗೆ. ವಿಟಮಿನ್ ಎ ಕೊರತೆಯಿಂದ ಕಣ್ಣು ಕೆಡುವ ಹಂತಗಳಿಗೆ ಎಕ್ಸ್ ಸಂಖ್ಯೆ ಕೊಡ್ತಾರೆ, ಇದು ಎಕ್ಸ್‌2 ಹಂತ. ಈ ಹಂತದಲ್ಲಿ ಡೋಸ್ ಬಿದ್ದರೆ ಎರಡರಿಂದ ಐದು ದಿನದಲ್ಲಿ ಸುಧಾರಿಸುತ್ತೆ, ಒಂದೆರಡು ವಾರದಲ್ಲಿ ಕಾರ್ನಿಯಾ ಮೊದಲಿನಂತೆ ಹೊಳೆಯುತ್ತೆ. ಮುಂದಿನದು ಎಕ್ಸ್‌3. ಹುಣ್ಣು ಕಾರ್ನಿಯಾದ ಮೂರರಲ್ಲೊಂದು ಭಾಗಕ್ಕಿಂತ ಕಡಿಮೆ ಇದ್ದರೆ 3ಎ, ಅದಕ್ಕಿಂತ ಹೆಚ್ಚಾದರೆ 3ಬಿ. 3ಎ ವಾಸಿಯಾದರೂ ಕಲೆ ಉಳಿಯುತ್ತೆ, ಹಳ್ಳಿಯಲ್ಲಿ ಹೂ ಬಿದ್ದ ಕಣ್ಣು ಅನ್ನೋದು ಇದನ್ನೇ. 3ಬಿಯಲ್ಲಿ ಕಣ್ಣೇ ಕೈಬಿಡಬಹುದು. ಒಂದು ಕಣ್ಣಲ್ಲಿ ಕಂಡರೂ ಇನ್ನೊಂದನ್ನು ಬಿಡದೆ ನೋಡಿ.

ಮಳವಳ್ಳಿ_ಮೇಲ್ವಿಚಾರಕಿ
ಬಿಳಿಭಾಗದ ಮೇಲೆ ನೊರೆಯ ಹಾಗೆ ಇರುತ್ತಲ್ಲ, ಅದು ಯಾವ ಹಂತ? ಪೋಸ್ಟರ್‌ನಲ್ಲಿ ಅದರದೇ ಫೋಟೋ ಇದೆ.

ಕರಿಗುಡ್ಡೆ
ಬಿಟಾಟ್ ಕಲೆ, ಎಕ್ಸ್‌1ಬಿ. ಕರಿಗುಡ್ಡೆಯ ಪಕ್ಕ, ಹೆಚ್ಚಾಗಿ ಕಿವಿಯ ಕಡೆ, ಸೋಪಿನ ನೊರೆ ಒಣಗಿದಂತೆ. ಹತ್ತಿಯಿಂದ ಒರೆಸಿದರೆ ಬರುತ್ತೆ, ಕೆಲವು ದಿನದಲ್ಲಿ ಮತ್ತೆ ಕೂರುತ್ತೆ. ಇದಕ್ಕೆ ಕಣ್ಣಿನ ಹನಿ ಬೇಕಿಲ್ಲ, ಬಾಯಿಗೆ ವಿಟಮಿನ್ ಎ ಅಷ್ಟೇ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಹಳೆಯ ಕಲೆ ಡೋಸ್ ಕೊಟ್ಟ ಮೇಲೂ ಹಾಗೇ ಉಳಿಯೋದುಂಟು, ಗಾಬರಿ ಬೇಡ. ಕಣ್ಣು ಉಜ್ಜಿ ಉಜ್ಜಿ ತುರಿಸಿಕೊಳ್ಳುವ ಮಗುವಿನ ಗುಡ್ಡೆಯಂಚಿನ ಬಿಳಿ ಚುಕ್ಕಿಗಳು ಅಲರ್ಜಿಯವು, ಅವು ಬೇರೆ.

ಪೋಸ್ಟರ್ ಬಗ್ಗೆ ನನ್ನ ತಕರಾರು ಇದೆ. ಬಿಟಾಟ್ ಕಲೆ ಕಾಣಿಸಿಕೊಂಡ ಮೇಲೆಯೇ ಕಾರ್ನಿಯಾ ಕೆಡುತ್ತೆ ಅಂತ ಜನ ಅದನ್ನು ಮೆಟ್ಟಿಲ ಥರ ಓದುತ್ತಾರೆ. ತೀವ್ರ ಅಪೌಷ್ಟಿಕ ಮಗು ನಡುವಿನ ಮೆಟ್ಟಿಲು ಹಾರಿ ನೇರ ಎಕ್ಸ್‌3ಕ್ಕೆ ಬೀಳಬಹುದು. ಕಲೆ ಇಲ್ಲ ಅಂತ ಸಮಾಧಾನ ಪಡಬೇಡಿ.

ಸೊಪ್ಪಿನ_ಮಡಿ
ಹೊನಗೊನ್ನೆ ಸೊಪ್ಪು ಕಣ್ಣಿಗೆ ಒಳ್ಳೇದು ಅಂತ ಹಿಂದಿನಿಂದ ಬಂದಿದೆ. ಕ್ಯಾರೆಟ್ ಜ್ಯೂಸ್, ನುಗ್ಗೆ ಸೊಪ್ಪು ಕೊಟ್ಟರೆ ಈ ಔಷಧಿಗಳೆಲ್ಲ ಯಾಕೆ? ಕಣ್ಣಿಗೆ ನಂದಿಬಟ್ಟಲು ಹೂವಿನ ರಸ ಬಿಟ್ಟರೂ ತಂಪು.

ಉಪ್ಸಾರು (ಆಹಾರ ತಜ್ಞೆ, ಮೈಸೂರು)
ಸೊಪ್ಪು ಒಳ್ಳೇದು ಅನ್ನೋದರಲ್ಲಿ ಎರಡು ಮಾತಿಲ್ಲ, ಹೊತ್ತು ತಪ್ಪಿದೆ ಅಷ್ಟೇ. ಸೊಪ್ಪಿನಲ್ಲಿ, ಕ್ಯಾರೆಟ್ಟಿನಲ್ಲಿ ಇರೋದು ವಿಟಮಿನ್ ಎ ಅಲ್ಲ, ಬೀಟಾ ಕ್ಯಾರೊಟೀನ್. ಕರುಳು ಅದನ್ನು ಹೀರಿ ವಿಟಮಿನ್ ಎ ಆಗಿ ಬದಲಿಸಬೇಕು. ಹತ್ತು ದಿನ ಭೇದಿಯಾದ ಮಗುವಿನ ಕರುಳು ಆ ಕೆಲಸ ಮಾಡುವ ಸ್ಥಿತಿಯಲ್ಲಿ ಇರಲ್ಲ. ಇವತ್ತು ಕರಗುತ್ತಿರುವ ಕಾರ್ನಿಯಾಗೆ ನಾಳಿದ್ದಿನ ಸೊಪ್ಪು ತಲುಪೋದಿಲ್ಲ. ನಂದಿಬಟ್ಟಲು ರಸ, ಹರಳೆಣ್ಣೆ, ಎದೆಹಾಲು, ಕಾಡಿಗೆ, ಕಣ್ಣಿನೊಳಗೆ ಇವು ಯಾವುದೂ ಬೇಡ. ಗಾಯಕ್ಕೆ ಸೋಂಕು ಹೊತ್ತು ತರುತ್ತವೆ.

ಮಗು ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಸೊಪ್ಪಿನ ಸರದಿ. ಅಲ್ಲೂ ನಮ್ಮ ಕಡೆಯ ಅಡುಗೆಯಲ್ಲಿ ಒಂದು ಕಿಂಡಿ ಇದೆ. ಉಪ್ಸಾರಿಗೋ ಬಸ್ಸಾರಿಗೋ ಸೊಪ್ಪು ಬೇಯಿಸಿ ಬಸಿದು, ಖಾರ ಅಂತ ಪಲ್ಯ ದೊಡ್ಡವರ ತಟ್ಟೆಗೆ, ಬಸಿದ ಕಟ್ಟನ್ನು ಮುದ್ದೆಗೆ ಕಲಸಿ ಮಗುವಿಗೆ. ಕ್ಯಾರೊಟೀನ್ ನೀರಲ್ಲಿ ಕರಗಲ್ಲ, ಸೊಪ್ಪಲ್ಲೇ ಉಳಿಯುತ್ತೆ. ಅಂದರೆ ಮಗುವಿಗೆ ಹೋಗಿದ್ದು ಉಪ್ಪು ನೀರು. ಖಾರ ಹಾಕುವ ಮೊದಲೇ ಒಂದು ಹಿಡಿ ಬೆಂದ ಸೊಪ್ಪು, ಒಂದು ಚಮಚ ಬೆಂದ ಬೇಳೆ ಎತ್ತಿಟ್ಟು, ನುಣ್ಣಗೆ ಮಸೆದು, ಒಂದು ಟೀ ಚಮಚ ತುಪ್ಪವನ್ನೋ ಎಣ್ಣೆಯನ್ನೋ ಬೆರೆಸಿ ಅದನ್ನೇ ಅನ್ನಕ್ಕೆ ಕಲಸಿ. ಜಿಡ್ಡಿಲ್ಲದೆ ಕ್ಯಾರೊಟೀನ್ ಮೈಗೆ ಹತ್ತಲ್ಲ. ಅನ್ನದಲ್ಲಿ ವಿಟಮಿನ್ ಎ ಇಲ್ಲ, ರಾಗಿಯಲ್ಲಿ ಹೆಸರಿಗಷ್ಟೇ. ರಾಗಿ ಸರಿ ಎಷ್ಟೇ ಒಳ್ಳೆಯದಾದರೂ ಕಣ್ಣಿನ ಮಟ್ಟಿಗೆ ಕೈಕೊಡುತ್ತೆ.

ತಿನ್ನುವ ಮನೆಗಳಲ್ಲಿ ಕುರಿ ಇಲ್ಲವೇ ಕೋಳಿಯ ಈಲಿ ಎಲ್ಲಕ್ಕಿಂತ ದೊಡ್ಡ ಮೂಲ. ವಾರಕ್ಕೊಮ್ಮೆ ಒಂದು ಸಣ್ಣ ತುಂಡು ಬೇಯಿಸಿ ಹಿಸುಕಿ ಕೊಟ್ಟರೆ ಸಾಕು, ದಿನಾ ಬೇಡ. ಅಂಗನವಾಡಿಯ ಮೊಟ್ಟೆಯಲ್ಲಿ ವಿಟಮಿನ್ ಎ ಇರೋದು ಹಳದಿಯಲ್ಲಿ. ಬಿಳಿ ತಿನ್ನಿಸಿ ಹಳದಿ ಬಿಡಿಸುವವರಿಗೆ ಇದನ್ನು ಹೇಳಿ. ಕೆನೆ ತೆಗೆದ ಹಾಲಲ್ಲಿ, ಬೆಣ್ಣೆ ತೆಗೆದ ಮಜ್ಜಿಗೆಯಲ್ಲಿ ವಿಟಮಿನ್ ಎ ಕೆನೆಯ ಜೊತೆಗೇ ಹೋಗಿರುತ್ತೆ. ಮನೆಯಲ್ಲಿ ಹಸು ಕಟ್ಟಿ, ಹಾಲೆಲ್ಲ ಡೇರಿಗೆ ಹಾಕಿ, ಮಗುವಿಗೆ ನೀರು ಬೆರೆಸಿದ ಲೋಟ ಉಳಿದಿದ್ದರೂ ಅದೇ ಕಥೆ. ಎಣ್ಣೆ, ಹಾಲಿನ ಪ್ಯಾಕೆಟ್ ಮೇಲೆ ಪ್ಲಸ್ ಎಫ್ ಗುರುತು ಇದ್ದರೆ ಅದಕ್ಕೆ ವಿಟಮಿನ್ ಎ, ಡಿ ಸೇರಿಸಿದ್ದಾರೆ ಅಂತ ಅರ್ಥ.

ಸೊಪ್ಪಿನ_ಮಡಿ
ಬಸಿದ ಕಟ್ಟಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಸರಿ, ನಂದಿಬಟ್ಟಲು ವಾಪಸ್.

ತಾಯಿಕಾರ್ಡ್
ಒಂದು ಅನುಮಾನ. ಎನ್‌ಆರ್‌ಸಿಯಲ್ಲಿ ಹಾಲು ಕೊಟ್ಟು ಮಗು ಚೇತರಿಸ್ತಿರುವಾಗಲೇ ಕಣ್ಣು ಕೆಡ್ತು ಅಂತ ಕೆಲವು ಕಡೆ ಹೇಳ್ತಾರೆ. ಹಾಗೂ ಆಗುತ್ತಾ?

ಬೆಳ್ಳಿಚುಕ್ಕಿ
ಆಗುತ್ತೆ. ಯಾಕೆ ಅಂತ ತಿಳಿದರೆ ಡೋಸ್ ಮರೆಯಲ್ಲ. ವಿಟಮಿನ್ ಎ ಶೇಖರಣೆ ಆಗಿರೋದು ಈಲಿಯಲ್ಲಿ, ಅಲ್ಲಿಂದ ಕಣ್ಣಿಗೆ ಹೊತ್ತೊಯ್ಯಲು ಒಂದು ಪ್ರೋಟೀನ್ ಬೇಕು. ಪ್ರೋಟೀನ್ ಇಲ್ಲದ ಮಗುವಿನ ಈಲಿಯಲ್ಲಿ ಸರಕಿದ್ದರೂ ಗಾಡಿ ಇಲ್ಲ. ಸತುವಿನ ಕೊರತೆಯಿದ್ದರೆ ಆ ಗಾಡಿ ತಯಾರಾಗೋದೂ ನಿಧಾನ. ಈಗ ಊಟ ಶುರುವಾಯ್ತು, ಮೈ ಬೆಳೆಯೋಕೆ ಹೊರಟಿತು, ಪ್ರತಿ ಜೀವಕೋಶಕ್ಕೂ ವಿಟಮಿನ್ ಎ ಬೇಕು. ಅಳಿದುಳಿದದ್ದು ಬೇಗನೇ ಖಾಲಿ. ಹಿಂದೆ ಕೆನೆ ತೆಗೆದ ಹಾಲಿನ ಪುಡಿಯನ್ನು ವಿಟಮಿನ್ ಸೇರಿಸದೆ ಹಂಚಿದ ಕಡೆ ಇದೇ ಆಗಿದ್ದು.

ಕಾರ್ಖಾನೆಯಿಂದ ಬರುವ ಎಫ್-75 (ಶುರುವಿನಲ್ಲಿ ಕೊಡುವ ಚಿಕಿತ್ಸೆಯ ಹಾಲು) ಪುಡಿಯಲ್ಲಿ ವಿಟಮಿನ್ ಎ ಮೊದಲೇ ಬೆರೆತಿರುತ್ತೆ. ನಮ್ಮ ಅಡುಗೆಮನೆಯಲ್ಲಿ ಮಾಡುವ ಆರಂಭಿಕ ಆಹಾರ ಹಾಗಲ್ಲ. 30 ಎಂಎಲ್ ಹಾಲು, 9 ಗ್ರಾಂ ಸಕ್ಕರೆ, 2 ಗ್ರಾಂ ಎಣ್ಣೆ, ಕುದಿಸಿ ಆರಿಸಿದ ನೀರು ಸೇರಿಸಿ ಒಟ್ಟು 100 ಎಂಎಲ್. ಇದರಲ್ಲಿ ವಿಟಮಿನ್ ಎ ಲೆಕ್ಕಕ್ಕೆ ಸಿಗುವಷ್ಟಿಲ್ಲ, ಅದಕ್ಕೇ ನಮ್ಮಲ್ಲಿ ಡೋಸನ್ನು ಕಡೆಗಣಿಸಲಾಗದು. ಉದಾಹರಣೆಯ ಮಗುವಿಗೆ ಊತ ಇಲ್ಲ ಅಂದುಕೊಂಡರೆ, ಮೊದಲಿಗೆ ಎರಡು ಗಂಟೆಗೊಮ್ಮೆ ಕೆ.ಜಿ.ಗೆ 11 ಎಂಎಲ್‌ನಂತೆ 70 ಎಂಎಲ್, ರಾತ್ರಿಯೂ ಬಿಡದೆ.

ಇನ್ನೊಂದು ಸೂಕ್ಷ್ಮ. ತೀವ್ರ ಅಪೌಷ್ಟಿಕ ಮಗು ಅರೆಗಣ್ಣು ತೆರೆದು ನಿದ್ದೆ ಮಾಡ್ತಿದ್ದರೆ ಅದು ಕಣ್ಣಿನ ಕಾಯಿಲೆಗಿಂತ ಮೊದಲು ಸಕ್ಕರೆ ಇಳಿದಿರುವ ಗುರುತು. ಎಬ್ಬಿಸಿ, ಸಕ್ಕರೆ ನೀರು ಕೊಡಿ. ಹಾಗೇ ಬಿಟ್ಟರೆ ತೆರೆದ ಭಾಗದ ಕಾರ್ನಿಯಾನೂ ಒಣಗುತ್ತೆ.

ಸಿರಿಂಜ್_ಸಿದ್ದ
ಹನಿಗಳ ಬಗ್ಗೆ. ಕಾರ್ನಿಯಾ ಮಂಜು ಅಥವಾ ಹುಣ್ಣು ಇದ್ದರೆ ಕ್ಲೋರಾಂಫೆನಿಕಾಲ್ ಹನಿ ಇಲ್ಲವೇ ಟೆಟ್ರಾಸೈಕ್ಲಿನ್ 1% ಮುಲಾಮು ದಿನಕ್ಕೆ 4 ಸಲ, 7ರಿಂದ 10 ದಿನ. ಜೊತೆಗೆ ಅಟ್ರೋಪಿನ್ 1% ದಿನಕ್ಕೆ 3 ಸಲ ಒಂದೊಂದೇ ಹನಿ, 3ರಿಂದ 5 ದಿನ. ಅಟ್ರೋಪಿನ್ ವಾರ್ಡಿನಲ್ಲಿ ಮಾತ್ರ, ವೈದ್ಯರು ಬರೆದ ಮೇಲೆ. ಅದು ಕಣ್ಣಿನ ಒಳಗಿನ ಸ್ನಾಯು ಸಡಿಲಿಸಿ ನೋವು ಇಳಿಸುತ್ತೆ.

ಹನಿ ಹಾಕಿದ ಕೂಡಲೇ ಮೂಗಿನ ಪಕ್ಕದ ಕಣ್ಣಿನ ಮೂಲೆಯಲ್ಲಿ, ಮೂಳೆಯ ಮೇಲೆ, ಬೆರಳಿಟ್ಟು ಒಂದು ನಿಮಿಷ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಔಷಧಿ ಮೂಗಿನ ದಾರಿಯಾಗಿ ಇಳಿದು ಮೈಗೆ ಸೇರುತ್ತೆ. ಆರು ಕೆ.ಜಿ. ಮಗುವಿಗೆ ಅಷ್ಟೇ ಸಾಕು: ಮುಖ ಕೆಂಪಗೆ, ಬಾಯಿ ಒಣ, ಎದೆಬಡಿತ ಜೋರು, ಜ್ವರ. ಆ ಜ್ವರವನ್ನು ಸೋಂಕು ಅಂತ ತಿಳಿದು ಆ್ಯಂಟಿಬಯೋಟಿಕ್ ಬದಲಿಸುವ ಮೊದಲು ಅಟ್ರೋಪಿನ್ ಚಾರ್ಟ್ ನೋಡಿ. ಕಣ್ಣಿನ ಪಾಪೆ ವಾರಕ್ಕೂ ಮೇಲೆ ಹಿಗ್ಗೇ ಇರುತ್ತೆ ಅಂತ ಅಮ್ಮನಿಗೆ ಮೊದಲೇ ಹೇಳಿ.

ಅಂಗಡಿಯಲ್ಲಿ "ಕಣ್ಣಿಗೆ ಹನಿ ಕೊಡಿ" ಅಂದರೆ ಎಷ್ಟೋ ಸಲ ಸ್ಟಿರಾಯ್ಡ್ ಬೆರೆತದ್ದೇ ಕೈಗೆ ಬರುತ್ತೆ. ಲೇಬಲ್ಲಿನಲ್ಲಿ ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಅಂತ ಇದ್ದರೆ ಮುಟ್ಟಲೇಬೇಡಿ. ಹುಣ್ಣಿದ್ದ ಕಾರ್ನಿಯಾವನ್ನು ಅದು ಇನ್ನೂ ಬೇಗ ಕರಗಿಸುತ್ತೆ.

ಕರಿಗುಡ್ಡೆ
ಪಟ್ಟಿ ಕಟ್ಟೋ ವಿಷಯದಲ್ಲಿ ಪುಸ್ತಕಕ್ಕೂ ನಮಗೂ ಸ್ವಲ್ಪ ಭಿನ್ನಾಭಿಪ್ರಾಯ ಇದೆ. ಸಲೈನಿನಲ್ಲಿ ನೆನೆಸಿದ ಪ್ಯಾಡ್ ಇಟ್ಟು ಕಟ್ಟಿ ಅಂತ ಬರೆದಿದೆ. ಕಟ್ಟಿದ ಬಿಗಿ ಗುಡ್ಡೆಗೆ ತಾಗಿದರೆ ತೂತಾಗೋ ಭಯ, ಒದ್ದೆ ಪ್ಯಾಡ್ ದಿನವಿಡೀ ಇದ್ದರೆ ಸೋಂಕಿನ ಭಯ. ಗಟ್ಟಿ ಕವಚ ಮೇಲು ಅನ್ನೋದು ನನ್ನ ಅಭಿಪ್ರಾಯ. ಹಳೆಯ ಎಕ್ಸ್‌ರೇ ಫಿಲಂ ತೊಳೆದು, ಅಂಗೈಯಗಲದ ವೃತ್ತ ಕತ್ತರಿಸಿ, ಅಂಚಿನಿಂದ ನಡುವಿನವರೆಗೆ ಒಂದು ಸೀಳು ಹಾಕಿ, ಒಂದರ ಮೇಲೊಂದು ಸರಿಸಿ ಕಡ್ಲೆಕಾಯಿ ಪೊಟ್ಟಣದ ಥರ ತಗ್ಗು ಶಂಕು ಮಾಡಿ ಅಂಟಿಸಿ. ಅಂಚು ಹುಬ್ಬಿನ ಮೂಳೆ, ಕೆನ್ನೆ ಮೂಳೆಗೆ ಕೂರಬೇಕು, ಗುಡ್ಡೆಗೆ ಗಾಳಿಯಾಡಬೇಕು. ಕಣ್ಣು ಉಜ್ಜದ ಹಾಗೆ ಎರಡು ಕೈಗೂ ಕಾಲುಚೀಲ ತೊಡಿಸಿ.

ಮುಲಾಮು ಅಕ್ಕಿಕಾಳಿನಷ್ಟು, ಕೆಳರೆಪ್ಪೆಯನ್ನು ಕೆನ್ನೆ ಚರ್ಮ ಎಳೆದು ಬಿಡಿಸಿ. ಟ್ಯೂಬಿನ ಮೂತಿ ರೆಪ್ಪೆಗೆ ತಾಗಬಾರದು.

ಮಳವಳ್ಳಿ_ಮೇಲ್ವಿಚಾರಕಿ
ಕಬ್ಬು ಕಡಿಯೋಕೆ, ಆಲೆಮನೆ ಕೆಲಸಕ್ಕೆ ಹೊರಗಿನಿಂದ ಬಂದಿರುವ ಕುಟುಂಬಗಳ ಮಕ್ಕಳಿಗೆ ಕಾರ್ಡೇ ಇರಲ್ಲ. ಹಿಂದಿನ ಡೋಸ್ ಕೇಳಿದರೆ "ಹನಿ ಹಾಕಿದ್ರು" ಅಂತಾರೆ. ಅದು ಪೋಲಿಯೋ ಹನಿಯೋ ಇದೋ ಗೊತ್ತಾಗಲ್ಲ.

ತಾಯಿಕಾರ್ಡ್
ಚಮಚದಲ್ಲಿ ಕೊಟ್ರಾ, ಎಣ್ಣೆ ಥರ ಅಂಟಾಗಿತ್ತಾ ಅಂತ ಕೇಳಿ ಅಕ್ಕ. ಪೋಲಿಯೋ ಎರಡು ಹನಿ, ಡ್ರಾಪರಿನಲ್ಲಿ. ಬರೆದ ದಾಖಲೆ ಇಲ್ಲದಿದ್ದರೆ ಸಿಕ್ಕಿಲ್ಲ ಅಂತಲೇ ತಿಳೀರಿ. ವಾಡಿಕೆಯ ಲೆಕ್ಕ ಒಟ್ಟು 9 ಡೋಸ್: 9 ತಿಂಗಳಿಗೆ ದಡಾರ ಲಸಿಕೆ ಜೊತೆ 1 ಎಂಎಲ್, ಒಂದೂವರೆ ವರ್ಷದ ಹೊತ್ತಿಗೆ 2 ಎಂಎಲ್, ಆಮೇಲೆ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ 2 ಎಂಎಲ್. ಮೊದಲೆರಡು ಲಸಿಕೆ ಜೊತೆ ಸಿಗುತ್ತವೆ. ಲಸಿಕೆ ಮುಗಿದ ಮೇಲಿನವು ತಪ್ಪೋದು ಜಾಸ್ತಿ.

ಎರಡು ವರ್ಷ ಮೇಲ್ಪಟ್ಟವರಲ್ಲಿ ಇರುಳುಗಣ್ಣಿನ ಬಗ್ಗೆಯೂ ಕೇಳಿ. "ರಾತ್ರಿ ಕಣ್ಣು ಕಾಣುತ್ತಾ" ಅಂದರೆ ಎಲ್ಲರೂ ಹೂಂ ಅಂತಾರೆ. ಮುಸ್ಸಂಜೆಯಲ್ಲಿ ಆಟ ಬಿಟ್ಟು ಮೂಲೆ ಹಿಡಿದು ಕೂರುತ್ತಾ, ತಟ್ಟೆಯಲ್ಲಿನ ತುತ್ತು ತಡಕಾಡುತ್ತಾ, ಕರೆಂಟ್ ಹೋದಾಗ ಬೇರೆ ಮಕ್ಕಳಿಗಿಂತ ಜಾಸ್ತಿ ಎಡವುತ್ತಾ ಅಂತ ಕೇಳಿ. ಈಗ ಶೆಡ್ಡಿನಲ್ಲೂ ಎಲ್‌ಇಡಿ ಬಲ್ಬು, ಹಾಗಾಗಿ ಕರೆಂಟ್ ಹೋದಾಗಿನ ಪ್ರಶ್ನೆಯೇ ಕೆಲಸಕ್ಕೆ ಬರೋದು. ಇರುಳುಗಣ್ಣಿಗೆ ಡೋಸ್ ಬಿದ್ದರೆ ಒಂದೆರಡು ದಿನದಲ್ಲೇ ವ್ಯತ್ಯಾಸ ಕಾಣುತ್ತೆ.

ಮಳವಳ್ಳಿ_ಮೇಲ್ವಿಚಾರಕಿ
ಅಮ್ಮನಿಗೂ ಇರುಳುಗಣ್ಣು ಇದ್ದರೆ ಅದೇ ಬಾಟಲಿಯಿಂದ 2 ಎಂಎಲ್ ಕೊಡಬಹುದಾ?

ಬೆಳ್ಳಿಚುಕ್ಕಿ
ಬೇಡ! ಹೆರುವ ವಯಸ್ಸಿನ ಹೆಂಗಸಿಗೆ ಆ ದೊಡ್ಡ ಡೋಸ್ ಕೊಡಬಾರದು. ಗರ್ಭ ನಿಂತಿರೋದು ಗೊತ್ತಿಲ್ಲದಿದ್ದರೆ ಭ್ರೂಣಕ್ಕೆ ಅಂಗವಿಕಲತೆಯ ಅಪಾಯ. ದಿನಕ್ಕೆ 10 ಸಾವಿರ ಐಯು ಮೀರದಂತೆ ಸಣ್ಣ ಡೋಸ್ ಮಾತ್ರ, ಅದನ್ನು ವೈದ್ಯರು ಬರೆಯಬೇಕು.

ತಾಯಿಕಾರ್ಡ್
ಸಭೆಯಲ್ಲಿ 15ನೇ ದಿನದ ಡೋಸ್ ಬಗ್ಗೆ ಒತ್ತಿ ಹೇಳಿ ಮೇಡಂ. ಎನ್‌ಆರ್‌ಸಿಯಲ್ಲಿ ಸಾಮಾನ್ಯವಾಗಿ 14 ದಿನ ಇಟ್ಟುಕೊಳ್ತಾರೆ. ಮೂರನೇ ಡೋಸ್ ಬರೋದು ಸರಿಯಾಗಿ ಬಿಡುಗಡೆಯ ಮಾರನೇ ದಿನ. ಅಮ್ಮ ಆಸ್ಪತ್ರೆಯವರು ಕೊಟ್ಟಿದ್ದಾರೆ ಅಂದುಕೊಳ್ತಾಳೆ, ಆಸ್ಪತ್ರೆಯವರು ಉಪಕೇಂದ್ರದಲ್ಲಿ ಕೊಡ್ತಾರೆ ಅಂದುಕೊಳ್ತಾರೆ. ಮೊದಲ ಡೋಸ್ ಹಾಕಿದ ದಿನವೇ 15ನೇ ದಿನದ ತಾರೀಖು ಎಣಿಸಿ ಕಾರ್ಡಿನ ಮೇಲೆ ಬರೀರಿ, ನಿಮ್ಮ ಗೋಡೆ ಕ್ಯಾಲೆಂಡರಿನಲ್ಲೂ ಸುತ್ತು ಹಾಕಿ. ಕಾರ್ಡಿಲ್ಲದ ಮಗುವಾದರೆ ಆಲೆಮನೆ ಮೇಸ್ತ್ರಿಯ ಫೋನ್ ನಂಬರ್ ಪಕ್ಕದಲ್ಲೇ ಬರೆದಿಡಿ.

ಮಳವಳ್ಳಿ_ಮೇಲ್ವಿಚಾರಕಿ
ಬರೆದುಕೊಂಡೆ. ಉದಾಹರಣೆಯಲ್ಲಿ "2 ಎಂಎಲ್" ಹೊಡೆದುಹಾಕಿ "1 ಎಂಎಲ್, ತೂಕ 8 ಕೆ.ಜಿ.ಗಿಂತ ಕಡಿಮೆ" ಅಂತ ತಿದ್ದಿದ್ದೀನಿ. ಸಿದ್ದಣ್ಣ, ಇಲ್ಲಿ ಎರಡು ಉಪಕೇಂದ್ರದಲ್ಲಿ ಚಮಚ ಕಳೆದಿದೆಯಂತೆ. 2 ಎಂಎಲ್ ಸಿರಿಂಜ್ ಇಂಡೆಂಟ್ ಹಾಕಿಸ್ತೀನಿ.

ಸಿರಿಂಜ್_ಸಿದ್ದ
ಹಾಕಿಸಿ. ಸಿರಿಂಜ್ ಮೇಲೆ 1 ಎಂಎಲ್ ಗೆರೆಗೆ ಕೆಂಪು ಮಾರ್ಕರ್‌ನಲ್ಲಿ ಗುರುತು ಮಾಡಿ ಕಳಿಸ್ತೀನಿ. ಎಣ್ಣೆ ತಾಗಿ ಗೆರೆ ಅಳಿಸುತ್ತೆ, ಮೇಲೊಂದು ಸೆಲ್ಲೊಟೇಪ್ ಸುತ್ತಿ.